ಟ್ರ್ಯಾಕ್ ಬೈಕಿನ ಬ್ರೇಕು: ಮೊದಲು ಆಯಿಲ್, ಆಮೇಲೆ ಪ್ಯಾಡು

ಟ್ರ್ಯಾಕಿಗೆ ಬೈಕ್ ರೆಡಿ ಮಾಡಲು ಹೊರಟವರೆಲ್ಲ ಮೊದಲು ಕೇಳುವುದು ‘ಯಾವ ಪ್ಯಾಡ್ ಹಾಕಿಸಲಿ?’ ಅಂತ. ಕೊಡಗಿನವರಾದರೆ ನಾನು ಹೇಳುವುದು ಒಂದೇ: ಮೊದಲು ಬ್ರೇಕ್ ಆಯಿಲ್ ಬದಲಿಸಿ.

ಕಾರಣ ನಮ್ಮ ಮಳೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದು, ಗಾಳಿಯಲ್ಲಿರುವ ತೇವ ಹೀರುತ್ತದೆ. ರಬ್ಬರ್ ಹೋಸ್ ಮೂಲಕವೂ ತೇವ ನಿಧಾನಕ್ಕೆ ಒಳಗಿಳಿಯುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ಮಾನದಂಡ. ಶೇ. 3.7 ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಇದೇ ಲೆಕ್ಕ 260 ಮತ್ತು 180. ಕಾಫಿಯಲ್ಲಿ ಹತ್ತು ಪರ್ಸೆಂಟ್ ತೇವ ಉಳಿದಿದ್ದರೆ ‘ಒಣಗಿದೆ’ ಅಂತ ಮೂಟೆ ಕಟ್ಟುತ್ತೇವೆ. ಬ್ರೇಕ್ ಆಯಿಲಿಗೆ ಅದರ ಅರ್ಧವೂ ಬೇಡ.

ನನಗೆ ಇದು ಅರ್ಥವಾಗಿದ್ದು ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ. ಆ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೈಕ್ ಕಣದ ಪಕ್ಕದ ಶೆಡ್ಡಿನಲ್ಲೇ ಇತ್ತು. ಕಕ್ಕಡ ಮಾಸದ ಮಳೆಯಲ್ಲಿ ಹೆಲ್ಮೆಟ್ ಒಳಗೆ ಬೂಷ್ಟು ಹಿಡಿದಿದ್ದು ಕಂಡಿತು, ಆಯಿಲ್ ಜೇನಿನ ಬಣ್ಣಕ್ಕೆ ತಿರುಗಿದ್ದು ಕಾಣಲಿಲ್ಲ. ಲಿವರ್ ಗಟ್ಟಿಯಾಗಿದೆಯಲ್ಲ, ಸಾಕು ಅಂದುಕೊಂಡೆ. ಮೊದಲ ಸೆಷನ್ ಸಲೀಸು. ಎರಡನೆಯದರಲ್ಲಿ ಸ್ಟ್ರೇಟಿನ ಕೊನೆಗೆ ಹಿಡಿದರೆ ಲಿವರ್ ಹ್ಯಾಂಡಲಿಗೇ ತಾಗಿತು. ಎರಡು ಸಲ ಪಂಪ್ ಮಾಡಿದ ಮೇಲೆ ಅರೆಬರೆ ಬ್ರೇಕ್ ಸಿಕ್ಕಿತು, ತಿರುವಿನಲ್ಲಿ ಅಗಲವಾಗಿ ಹೋಗಿ ಹೇಗೋ ಉಳಿದುಕೊಂಡೆ. ಪಿಟ್‌ನಲ್ಲಿ ಅರ್ಧ ಗಂಟೆ ತಣಿದದ್ದೇ ಲಿವರ್ ಮತ್ತೆ ಗಟ್ಟಿ! ಮೋಸ ಇರುವುದು ಇಲ್ಲೇ. ಕುದಿದ ಆವಿ ಅದುಮಿದರೆ ಕುಗ್ಗುತ್ತದೆ, ತಣಿದರೆ ಮತ್ತೆ ದ್ರವವಾಗುತ್ತದೆ.

ಹಾಗಾಗಿ ಗುರುತು ಹೀಗೆ: ಲಿವರ್ ಮೆತ್ತಗಾದರೆ ಆಯಿಲಿನ ದೋಷ. ಲಿವರ್ ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡು ಕಾದು ಸೋತಿದೆ.

ಸಂಪಾಜೆ ಘಾಟಿ ಇಳಿದ ಅನುಭವ ಇಲ್ಲಿ ಸಾಲದು. ಅಲ್ಲಿ ಸೆಕೆಂಡ್ ಗೇರಿನಲ್ಲಿ ಅರ್ಧ ಕೆಲಸ ಎಂಜಿನ್ನೇ ಮಾಡುತ್ತದೆ. ಶಾಖ ಏರುವುದು ವೇಗದ ವರ್ಗಕ್ಕೆ ತಕ್ಕಂತೆ, ಅಂದರೆ 100 ಕಿ.ಮೀ. ವೇಗದಿಂದ ನಿಲ್ಲಿಸುವುದಕ್ಕಿಂತ 150ರಿಂದ ನಿಲ್ಲಿಸಲು ಎರಡೂಕಾಲು ಪಟ್ಟು.

ಈಗ ತುಲಾ ಸಂಕ್ರಮಣ ಕಳೆದು ಬಿಸಿಲು ಬಿದ್ದ ವಾರದಲ್ಲೇ ಆಯಿಲ್ ಬದಲಿಸುತ್ತೇನೆ. ಸೀಲ್ ಒಡೆಯದ ಚಿಕ್ಕ ಬಾಟಲಿಯೇ ಬೇಕು, ಕಳೆದ ವರ್ಷ ಉಳಿಸಿಟ್ಟದ್ದು ಬೇಡ. ಬ್ರೇಕಿನ ಆಯಿಲ್ ಡಬ್ಬಿಗೆ ಮೇಲಿಂದ ತುಂಬಿಸಿದರೆ ಬದಲಿಸಿದಂತಲ್ಲ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ನಿಪ್ಪಲಿನಿಂದ ಹಳೆಯದೆಲ್ಲ ಹೊರಬರಬೇಕು. ಲಿವರ್ ಅದುಮಿ, ನಿಪ್ಪಲ್ ಸಡಿಲಿಸಿ, ಬಿಗಿದು, ಆಮೇಲೆ ಲಿವರ್ ಬಿಡಿ. ನಡುವೆ ಡಬ್ಬಿ ಬರಿದಾದರೆ ಗಾಳಿ ಹೊಕ್ಕು ಮತ್ತೆ ಮೊದಲಿಂದ ಶುರು. ಹೋಸ್ ಬಿಚ್ಚಿದ್ದರೆ ತಾಮ್ರದ ವಾಷರ್ ಹೊಸದು ಹಾಕಿ. ಟ್ಯಾಂಕಿನ ಮೇಲೆ ಹನಿ ಬಿದ್ದರೆ ತಕ್ಷಣ ನೀರು ಸುರಿಯಿರಿ, ಇಲ್ಲದಿದ್ದರೆ ಬಣ್ಣ ಎದ್ದುಬರುತ್ತದೆ. ಡಾಟ್ 5 ಅಂತ ಬರೆದದ್ದು ಸಿಲಿಕೋನಿನದು. ಹೆಸರು ನೋಡಿ 5.1ರ ತಮ್ಮ ಅಂದುಕೊಂಡು ಬೆರೆಸಬೇಡಿ.

ಪ್ಯಾಡಿನ ವಿಷಯ ಚುಟುಕು. ಬೆನ್ನಿನ ತಗಡಿನ ಮೇಲೆ ಹಿಡಿತದ ದರ್ಜೆ ಎಚ್‌ಎಚ್ ಅಂತ ಇದ್ದರೆ ಸಾಮಾನ್ಯ ಬಿಸಿಯಲ್ಲೂ ಕಾದಾಗಲೂ ಹಿಡಿತ ಜಿಜಿಗಿಂತ ಜಾಸ್ತಿ. ಕಲಿಯುವವರಿಗೆ ಸಿಂಟರ್ಡ್, ಅಂದರೆ ಲೋಹದ ಪುಡಿ ಕಾಯಿಸಿ ಒತ್ತಿ ಮಾಡಿದ ಪ್ಯಾಡ್ ಸಾಕು, ಡಿಸ್ಕ್ ಅದಕ್ಕೆ ಒಗ್ಗುತ್ತದೆಯೇ ಅಂತ ಮ್ಯಾನ್ಯುಯಲ್ ನೋಡಿ. ಅಪ್ಪಟ ರೇಸ್ ಪ್ಯಾಡ್ ತಣ್ಣಗಿದ್ದಾಗ ಕಚ್ಚುವುದೇ ಇಲ್ಲ, ಬೆಳಗ್ಗೆ ಗೋಣಿಕೊಪ್ಪಕ್ಕೆ ಹೋಗುವ ಬೈಕಿಗೆ ಅದು ಅಪಾಯ. ಎರಡು ಮಿಲಿಮೀಟರಿಗೆ ಸವೆದ ಪ್ಯಾಡ್ ಇಟ್ಟುಕೊಂಡು ಟ್ರ್ಯಾಕಿಗೆ ಹೋಗಬೇಡಿ. ತೆಳುವಾದಷ್ಟೂ ಬಿಸಿ ನೇರವಾಗಿ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ದಾಟುತ್ತದೆ. ಪ್ಯಾಡ್ ಬದಲಿಸುವಾಗ ಕೆಸರು ಮೆತ್ತಿದ ಪಿಸ್ಟನ್ನನ್ನು ಹಾಗೇ ಒಳಗೆ ನೂಕಿದರೆ ಸೀಲ್ ಹಾಳು. ಹಳೆ ಟೂತ್‌ಬ್ರಷ್ಷಿಗೆ ಸೋಪುನೀರು ಹಾಕಿ ಉಜ್ಜಿ, ಒರೆಸಿ, ಆಮೇಲೆ ನೂಕಿ.