ಸಲ್ಲಿಕೆಯ ಪುಟದ ಮೂರು ಷರತ್ತುಗಳು

ಯಾರು ಬೇಕಾದರೂ ಉಚಿತವಾಗಿ ಓದಬಹುದಾದ, ಮುಕ್ತ ಪ್ರವೇಶದ ಸಂಶೋಧನಾ ಪತ್ರಿಕೆಗೆ ಪ್ರಬಂಧ ಕಳುಹಿಸಿದವರ ಕಣ್ಣಿಗೆ ಮೂರು ಷರತ್ತುಗಳ ಒಂದು ಪುಟ್ಟ ಒಪ್ಪಂದ ಬಿದ್ದೇ ಇರುತ್ತದೆ. ಪದಗಳು ಅಲ್ಲಲ್ಲಿ ಬದಲಾದರೂ ತಿರುಳು ಒಂದೇ. ಮೊದಲನೆಯದಾಗಿ, ಹಕ್ಕುಸ್ವಾಮ್ಯ ಲೇಖಕರಲ್ಲೇ ಉಳಿಯುತ್ತದೆ, ಪತ್ರಿಕೆಗೆ ಮೊದಲು ಪ್ರಕಟಿಸುವ ಹಕ್ಕು ಮಾತ್ರ ಸಿಗುತ್ತದೆ, ಪ್ರಬಂಧ ಇತರರ ಬಳಕೆಗೆ ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ತೆರೆದಿರುತ್ತದೆ. ಎರಡನೆಯದಾಗಿ, ಅದೇ ಬರಹವನ್ನು ಲೇಖಕರು ತಮ್ಮ ಪುಸ್ತಕದಲ್ಲಿ ಸೇರಿಸಬಹುದು, ವಿಶ್ವವಿದ್ಯಾಲಯದ ಡಿಜಿಟಲ್ ಭಂಡಾರದಲ್ಲಿ ಇಡಬಹುದು. ಮೂರನೆಯದಾಗಿ, ಇತರ ವಿದ್ವಾಂಸರಿಂದ ಪ್ರಬಂಧದ ಪರಿಶೀಲನೆ ನಡೆಯುತ್ತಿರುವಾಗಲೇ ಅಥವಾ ಅದಕ್ಕೂ ಮೊದಲೇ ಅದನ್ನು ಅಂತರ್ಜಾಲದಲ್ಲಿ ಹಾಕಬಹುದು.

ಎಷ್ಟೋ ಜನ ಇದನ್ನು ಓದದೆಯೇ ಒಪ್ಪಿಗೆಯ ಗುರುತು ಹಾಕಿ ಮುಂದೆ ಹೋಗುತ್ತಾರೆ. ನನಗೆ ಆಗೆಲ್ಲ ಸಂಕಟವಾಗುತ್ತದೆ. ಏಕೆಂದರೆ ಈ ಮೂರರಲ್ಲಿ ಒಂದೊಂದೂ ಒಂದು ಕಾಲದಲ್ಲಿ ಲೇಖಕರ ಕೈತಪ್ಪಿ ಹೋಗಿದ್ದ ಹಕ್ಕು.

ಮೂಲಕ್ಕೆ ಹೋದರೆ, 1665ರಲ್ಲಿ ಲಂಡನ್ನಿನ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ವಿಜ್ಞಾನ ಪತ್ರಿಕೆಯನ್ನು ಆರಂಭಿಸಿದಾಗ ವಿದ್ವಾಂಸರು ಅದಕ್ಕೆ ಬರೆದದ್ದು ದುಡ್ಡಿಗಾಗಿ ಅಲ್ಲ. ‘ಇದನ್ನು ಮೊದಲು ಕಂಡುಹಿಡಿದವನು ನಾನು’ ಎಂಬ ದಾಖಲೆ ಅವರಿಗೆ ಬೇಕಿತ್ತು, ತಮ್ಮ ಹೆಸರು ಊರೂರು ದಾಟಿ ಹೋಗಬೇಕಿತ್ತು. ಇಂದಿಗೂ ಪ್ರಬಂಧ ಬರೆದವರಿಗಾಗಲಿ, ಅದನ್ನು ಓದಿ ತಿದ್ದಿಸುವ ಪರಿಶೀಲಕರಿಗಾಗಲಿ ಪತ್ರಿಕೆ ಸಾಮಾನ್ಯವಾಗಿ ಬಿಡಿಗಾಸನ್ನೂ ಕೊಡುವುದಿಲ್ಲ. ಸಂಭಾವನೆಯನ್ನೇ ಕೇಳದವರು ಹಕ್ಕನ್ನೇಕೆ ಬಿಟ್ಟುಕೊಟ್ಟರು?

ಬಹುಕಾಲ ಈ ಪ್ರಶ್ನೆ ಯಾರನ್ನೂ ಕಾಡಲಿಲ್ಲ. ಅಚ್ಚಿನ ಸಂಚಿಕೆಯೇ ಓದುಗರನ್ನು ತಲುಪುವ ದಾರಿಯಾಗಿತ್ತು. ಅಮೆರಿಕದ ಹೊಸ ಹಕ್ಕುಸ್ವಾಮ್ಯ ಕಾಯ್ದೆ 1976ರಲ್ಲಿ ಅಂಗೀಕಾರವಾಗಿ 1978ರ ಜನವರಿ 1ರಂದು ಜಾರಿಗೆ ಬಂದಾಗ ಚಿತ್ರ ಬದಲಾಯಿತು. ಲಿಖಿತ ಸಹಿಯಿಲ್ಲದೆ ಹಕ್ಕಿನ ಹಸ್ತಾಂತರ ಸಿಂಧುವಲ್ಲ, ಅಂಥ ಪತ್ರವಿಲ್ಲದಿದ್ದರೆ ಪ್ರಕಾಶಕರಿಗೆ ಆ ಸಂಚಿಕೆಯ ಭಾಗವಾಗಿ ಮುದ್ರಿಸುವ ಅವಕಾಶವಷ್ಟೇ ಎಂದು ಕಾಯ್ದೆ ಹೇಳಿತು. ಲೇಖಕರನ್ನು ಕಾಯಲು ಬರೆದ ಈ ಮಾತನ್ನು ಕಂಡ ಪ್ರಕಾಶಕರು ಎಚ್ಚೆತ್ತು ಹಸ್ತಾಂತರ ಪತ್ರಗಳನ್ನು ಮುಂದಿಟ್ಟರು. ಪ್ರಬಂಧ ಒಪ್ಪಿಗೆಯಾದ ಸಂತೋಷದಲ್ಲಿದ್ದ ಲೇಖಕರು ಸಹಿ ಹಾಕಿದರು. ಫಲವೇನು? ವರ್ಷಗಟ್ಟಲೆ ದುಡಿದು ತಾನೇ ಬಿಡಿಸಿದ ನಕ್ಷೆಯನ್ನು ತನ್ನದೇ ಪುಸ್ತಕದಲ್ಲಿ ಮತ್ತೆ ಬಳಸಲು ಸಂಶೋಧಕಿಯೊಬ್ಬಳು ಪ್ರಕಾಶಕರ ಅನುಮತಿಗಾಗಿ ಪತ್ರ ಬರೆಯಬೇಕಾದ ಸ್ಥಿತಿ ಬಂತು. ಮೇಲಿನ ಎರಡನೆಯ ಷರತ್ತು ಹುಟ್ಟಿದ್ದು ಈ ಅವಮಾನಕ್ಕೆ ಉತ್ತರವಾಗಿ.

ಮೂರನೆಯದರ ಬೇರು ಇನ್ನೂ ಹಿಂದಿನದು. 1969ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಸಂಪಾದಕ ಫ್ರಾಂಜ್ ಇಂಗೆಲ್‌ಫಿಂಗರ್, ಬೇರೆಡೆ ಈಗಾಗಲೇ ಬೆಳಕು ಕಂಡ ಸಂಶೋಧನೆಯನ್ನು ತಮ್ಮ ಪತ್ರಿಕೆ ಪರಿಗಣಿಸುವುದಿಲ್ಲ ಎಂದು ಸಾರಿದರು. ಇತರ ಪತ್ರಿಕೆಗಳೂ ಅದೇ ಹಾದಿ ಹಿಡಿದವು. ಭೌತವಿಜ್ಞಾನಿಗಳು ಮಾತ್ರ ತಮ್ಮ ಕರಡುಗಳನ್ನು ಅಂಚೆಯಲ್ಲಿ ಹಂಚಿಕೊಳ್ಳುವ ಹಳೆಯ ರೂಢಿಯನ್ನು ಬಿಡಲಿಲ್ಲ. 1991ರ ಆಗಸ್ಟ್‌ನಲ್ಲಿ ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಆ ರೂಢಿಯನ್ನೇ ಕಂಪ್ಯೂಟರಿಗೆ ಏರಿಸಿದರು. ಅದೇ ಇಂದಿನ ‘ಆರ್ಕೈವ್’ ಪ್ರಿಪ್ರಿಂಟ್ ಭಂಡಾರ, ಅಂದರೆ ಪತ್ರಿಕೆಯಲ್ಲಿ ಅಚ್ಚಾಗುವ ಮೊದಲಿನ ಕರಡುಗಳ ಭಂಡಾರ. ಕರಡು ಮೊದಲೇ ಹೊರಬಂದ ಮಾತ್ರಕ್ಕೆ ಪತ್ರಿಕೆಗಳು ಮುಚ್ಚಿಹೋಗುವುದಿಲ್ಲ ಎಂಬುದನ್ನು ಅದು ಎಲ್ಲರ ಕಣ್ಣೆದುರೇ ತೋರಿಸಿತು.

ಆದರೆ ಉಚಿತವಾಗಿ ಓದಲು ಸಿಗುವುದು ಬೇರೆ, ಬಳಸಲು ಹಕ್ಕಿರುವುದು ಬೇರೆ. 2001ರ ಡಿಸೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಸೇರಿದ, ಮುಕ್ತ ಪ್ರವೇಶವನ್ನು ಬಯಸಿದವರ ಒಂದು ಸಣ್ಣ ಗುಂಪು ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಂಡಿತು. 2002ರ ಫೆಬ್ರವರಿ 14ರಂದು ಹೊರಬಂದ ಅವರ ಘೋಷಣೆಯ ಪ್ರಕಾರ, ಈ ಕ್ಷೇತ್ರದಲ್ಲಿ ಹಕ್ಕುಸ್ವಾಮ್ಯಕ್ಕೆ ಉಳಿಯಬೇಕಾದ ಕೆಲಸ ಇಷ್ಟೇ: ಬರಹ ವಿರೂಪಗೊಳ್ಳದಂತೆ ಕಾಯುವ ಅಧಿಕಾರವನ್ನು ಲೇಖಕರಿಗೆ ಕೊಡುವುದು, ಅವರ ಹೆಸರಿಗೆ ಸಲ್ಲಬೇಕಾದ ಮನ್ನಣೆ ಸಲ್ಲುವಂತೆ ನೋಡಿಕೊಳ್ಳುವುದು. ಓಲ್ಡನ್‌ಬರ್ಗ್ ಕಾಲದ ವಿದ್ವಾಂಸರು ಬಯಸಿದ್ದೂ ಹೆಚ್ಚುಕಡಿಮೆ ಇದನ್ನೇ. ಅದನ್ನು ಕಾನೂನಿನ ಭಾಷೆಗೆ ತರುವ ಸಾಧನ ಆಗಿನ್ನೂ ಇರಲಿಲ್ಲ. ಅಮೆರಿಕದ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಮತ್ತು ಸಂಗಡಿಗರ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ತನ್ನ ಮೊದಲ ಪರವಾನಗಿಗಳನ್ನು ಅದೇ ವರ್ಷದ ಡಿಸೆಂಬರ್ 16ರಂದು ಹೊರತಂದಿತು. 2003ರ ಅಕ್ಟೋಬರ್‌ನಲ್ಲಿ ಶುರುವಾದ ‘ಪ್ಲಾಸ್ ಬಯಾಲಜಿ’ ಪತ್ರಿಕೆ ಅವುಗಳಲ್ಲೊಂದನ್ನು ಆರಿಸಿಕೊಂಡಿತು. ಇತ್ತ ಜಾನ್ ವಿಲಿನ್ಸ್ಕಿ ಕಟ್ಟಿದ ಪಬ್ಲಿಕ್ ನಾಲೆಜ್ ಪ್ರಾಜೆಕ್ಟ್ 2001ರಿಂದಲೇ ಪತ್ರಿಕೆ ನಡೆಸಲು ನೆರವಾಗುವ ‘ಓಪನ್ ಜರ್ನಲ್ ಸಿಸ್ಟಮ್ಸ್’ ಎಂಬ ಉಚಿತ ತಂತ್ರಾಂಶವನ್ನು ಹಂಚುತ್ತಿತ್ತು. ಮೂರು ಷರತ್ತುಗಳ ಆ ಮಾದರಿ ಒಪ್ಪಂದ ದೇಶದೇಶಗಳ ಸಣ್ಣ ಪತ್ರಿಕೆಗಳಿಗೆ ತಲುಪಿದ್ದು ಮುಖ್ಯವಾಗಿ ಇದರ ಜೊತೆಯಲ್ಲಿ. ವಕೀಲರನ್ನು ಇಟ್ಟುಕೊಳ್ಳಲಾಗದ ಸಂಪಾದಕರಿಗೂ ನ್ಯಾಯವಾದ ಒಂದು ಒಪ್ಪಂದ ಸಿದ್ಧವಾಗಿ ಸಿಕ್ಕಿತು.

ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿಗಳಲ್ಲಿ ‘ಸಿಸಿ ಬೈ’ ಎಂಬುದು ಅತ್ಯಂತ ಉದಾರವಾದದ್ದು. ಹೆಸರು ಹೇಳಿ, ಪರವಾನಗಿಯ ಕೊಂಡಿ ಕೊಟ್ಟು, ಬದಲಾವಣೆ ಮಾಡಿದ್ದರೆ ಅದನ್ನು ತಿಳಿಸಿ ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಇಲ್ಲಿಯೇ ಅನೇಕ ಲೇಖಕರು ಹಿಂಜರಿಯುತ್ತಾರೆ. ನನ್ನ ಪ್ರಬಂಧವನ್ನು ಸೇರಿಸಿ ಯಾರೋ ದುಬಾರಿ ಪುಸ್ತಕ ಮಾಡಿದರೆ? ಕೆಟ್ಟ ಅನುವಾದ ಹೊರಬಂದರೆ? ಅದರಲ್ಲೂ ವಾಕ್ಯದ ಧಾಟಿಯೇ ವಾದವಾಗಿರುವ ಇತಿಹಾಸ, ಸಾಹಿತ್ಯದ ವಿದ್ವಾಂಸರ ಈ ಅಳುಕು ಹಗುರವಾದದ್ದಲ್ಲ. ವಾಣಿಜ್ಯ ಬಳಕೆಯನ್ನು ತಡೆಯುವ ಎನ್‌ಸಿ, ಮಾರ್ಪಾಡನ್ನು ತಡೆಯುವ ಎನ್‌ಡಿ ಷರತ್ತುಗಳು ಇಂಥವರನ್ನು ಸೆಳೆಯುತ್ತವೆ.

ಆದರೂ ಎನ್‌ಡಿ ಎಂಬ ಎರಡಕ್ಷರದ ಬೆಲೆಯನ್ನು ತೂಗಿ ನೋಡಬೇಕು. ಅನುವಾದವೂ ಮಾರ್ಪಾಡೇ. ರೋಗವೊಂದರ ಬಗ್ಗೆ ಬಂದ ಪ್ರಬಂಧವನ್ನು ವೈದ್ಯರೊಬ್ಬರು ತಮ್ಮ ರೋಗಿಗಳ ಭಾಷೆಗೆ ತಂದರೆ, ಲೇಖಕರ ಅನುಮತಿಯಿಲ್ಲದೆ ಅದನ್ನು ಹಂಚುವಂತಿಲ್ಲ. ಎನ್‌ಸಿ ಇರುವ ಚಿತ್ರವನ್ನು ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ವಿಕಿಮೀಡಿಯ ಕಾಮನ್ಸ್ ಸ್ವೀಕರಿಸುವುದಿಲ್ಲ, ಹಾಗಾಗಿ ಅಪರೂಪದ ಕೀಟದ ಒಂದು ಒಳ್ಳೆಯ ಫೋಟೋ ಕೋಟ್ಯಂತರ ಜನ ನೋಡುವ ಕಡೆಗೆ ಹೋಗದೆ ಪ್ರಬಂಧದೊಳಗೇ ಉಳಿದುಬಿಡುತ್ತದೆ. ಕೆಟ್ಟ ರೂಪಾಂತರದಿಂದ ತನ್ನ ಹೆಸರನ್ನು ತೆಗೆಸುವ ಹಕ್ಕು ಸಿಸಿ ಬೈ ಕೊಟ್ಟ ಲೇಖಕರಿಗೂ ಇದೆ. ಬುಡಾಪೆಸ್ಟ್ ಘೋಷಣೆಗೆ ಹತ್ತು ವರ್ಷವಾದಾಗ, 2012ರಲ್ಲಿ, ಬಂದ ಶಿಫಾರಸುಗಳು ಸಿಸಿ ಬೈ ಪರವಾಗಿಯೇ ನಿಂತವು. ನಾನೂ ಅದೇ ಪಕ್ಷ. ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂಪಡೆಯಲಾಗದು, ಆದ್ದರಿಂದ ತಿಳಿದೇ ಕೊಡಬೇಕು.

ನನ್ನನ್ನು ನಿಜವಾಗಿ ಕಳವಳಕ್ಕೆ ಈಡುಮಾಡುವುದು ಬೇರೆಯೇ ಒಂದು. ‘ಹಕ್ಕುಸ್ವಾಮ್ಯ ಲೇಖಕರದ್ದು’ ಎಂದು ಪ್ರಬಂಧದ ಕೆಳಗೆ ಅಚ್ಚಾಗಿರುತ್ತದೆ, ಓದುಗರಿಗೆ ಎನ್‌ಸಿ ಎನ್‌ಡಿ ಪರವಾನಗಿ ಕಾಣುತ್ತದೆ. ಆದರೆ ಲೇಖಕರು ಸಹಿ ಹಾಕಿದ ಪತ್ರದಲ್ಲಿ ಪ್ರಕಾಶಕರಿಗೆ ‘ಅನನ್ಯ’ ಪ್ರಕಟಣಾ ಹಕ್ಕು, ಅಂದರೆ ಬೇರಾರಿಗೂ ಇಲ್ಲದಂತೆ ಅವರೊಬ್ಬರಿಗೇ ಸೇರುವ ಹಕ್ಕು, ಕೊಟ್ಟಿರುತ್ತಾರೆ. ಆಗ ವಾಣಿಜ್ಯ ಹಕ್ಕು, ಅನುವಾದದ ಹಕ್ಕು ಎರಡೂ ಪ್ರಕಾಶಕರ ಪೆಟ್ಟಿಗೆಗೆ ಹೋಗಬಹುದು. ಲೇಖಕರಿಗೆ ಉಳಿಯುವುದು ಹಕ್ಕಿನ ಹೆಸರು ಮಾತ್ರ. ಒಪ್ಪಂದದಲ್ಲಿ ಮೊದಲು ಹುಡುಕಬೇಕಾದ ಪದ ‘ಹಕ್ಕುಸ್ವಾಮ್ಯ’ ಅಲ್ಲ, ‘ಅನನ್ಯ’.

ಸಂಶೋಧನೆಗೆ ಹಣ ಕೊಡುವ ಸಂಸ್ಥೆಗಳ ಒಕ್ಕೂಟ ಕೋಯಲಿಷನ್ ಎಸ್ 2020ರ ಜುಲೈನಲ್ಲಿ ಇದಕ್ಕೊಂದು ದಾರಿ ಮುಂದಿಟ್ಟಿತು. ‘ಈ ಸಲ್ಲಿಕೆಯಿಂದ ಹೊರಬರುವ ಅಂಗೀಕೃತ ಹಸ್ತಪ್ರತಿಗೆ ಸಿಸಿ ಬೈ ಪರವಾನಗಿ ಅನ್ವಯವಾಗುತ್ತದೆ’ ಎಂಬರ್ಥದ ಒಂದು ವಾಕ್ಯವನ್ನು ಲೇಖಕರು ಕರಡಿನಲ್ಲೇ ಸೇರಿಸುತ್ತಾರೆ. ಅದನ್ನು ಬರೆಯುವುದು ಪ್ರಬಂಧ ಒಪ್ಪಿಗೆಯಾದ ಮೇಲಲ್ಲ, ಕಳುಹಿಸುವ ದಿನವೇ. ಮೊದಲೇ ಕೊಟ್ಟ ಪರವಾನಗಿ, ಆಮೇಲೆ ಮುಂದೆ ಬರುವ ಹಸ್ತಾಂತರ ಪತ್ರಕ್ಕಿಂತ ಹಳೆಯದಾಗಿರಲಿ ಎಂಬುದೇ ಅದರ ಉದ್ದೇಶ.