ನೆನೆಸಿದ ನೀರು ಚೆಲ್ಲಿ, ಬಸಿದ ನೀರು ಉಳಿಸಿ

ಸೋಮವಾರ ಅವರೆಕಾಳು ಸಾರು, ಮುದ್ದೆ. ಮಂಗಳವಾರ ಅವರೆಕಾಳು ಉಪ್ಪಿಟ್ಟು. ಬುಧವಾರ ಹಿತಕಿದ ಬೇಳೆ ಸಾರು, ಅನ್ನ. ಗುರುವಾರ ಅವರೆಕಾಳು ಹಾಕಿದ ಅಕ್ಕಿ ರೊಟ್ಟಿ. ಶುಕ್ರವಾರ ‘ಮಿಕ್ಕಿದ್ದು’. ನನ್ನ ಬಳಿ ಬಂದ ಗೃಹಿಣಿಯೊಬ್ಬರ ಊಟದ ನೋಟ್‌ಬುಕ್ಕಿನಲ್ಲಿ ಶನಿವಾರದ ಎದುರಿಗೆ ಬರೀ ಒಂದು ಗೀಟು. ಏನಮ್ಮ ಇದು ಎಂದು ಕೇಳಿದರೆ, “ಅದೂ ಅವರೆಯೇ ಮೇಡಂ, ಮತ್ತೆ ಬರೆಯಲು ನಾಚಿಕೆಯಾಯಿತು” ಎಂಬ ಉತ್ತರ.

ನಾಚಿಕೆಪಡುವಂಥದ್ದು ಏನೂ ಇಲ್ಲ. ಡಿಸೆಂಬರ್‌ನಲ್ಲಿ ಹಾಸನದ ಕಟ್ಟಿನಕೆರೆ ಮಾರುಕಟ್ಟೆಗೆ ಬೆಳಿಗ್ಗೆ ಕಾಲಿಟ್ಟರೆ ಸೊಗಡಿನ ವಾಸನೆಯೇ ಚೀಲ ಹಿಡಿದು ಎಳೆಯುತ್ತದೆ. ಆಗ ಅವರೆ ಬಿಟ್ಟು ಬೇರೆ ತರುವವರ ಮೇಲೆಯೇ ನನಗೆ ಅನುಮಾನ.

ಪಥ್ಯ ಹೇಳುವುದು ನನ್ನ ವೃತ್ತಿ; ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು, ರಕ್ತಹೀನತೆಯವರು. ವೃತ್ತಿ ಆರಂಭಿಸಿದ ವರ್ಷ ಅವರೆಲ್ಲರಿಗೂ ಅಚ್ಚು ಹಾಕಿಸಿದ ಒಂದು ಹಾಳೆ ಕೊಡುತ್ತಿದ್ದೆ: ರಾತ್ರಿ ಎರಡು ಚಪಾತಿ, ಒಂದು ಬಟ್ಟಲು ದಾಲ್, ಹಸಿ ಸೌತೆಕಾಯಿ. ಕೈ ಮರಗಟ್ಟುವ ಮಾಗಿಯ ರಾತ್ರಿಯಲ್ಲಿ ಹಸಿ ಸೌತೆಕಾಯಿ! ಅರಸೀಕೆರೆ ಕಡೆಯ ಒಬ್ಬ ಅಜ್ಜಿ ಹಾಳೆಯನ್ನು ನಾಲ್ಕಾಗಿ ಮಡಚಿ ನನ್ನ ಮೇಜಿನ ಮೇಲೇ ಇಟ್ಟು, “ಇದು ನಿಮ್ಮ ಹತ್ತಿರವೇ ಇರಲಿ ತಾಯಿ” ಎಂದು ಹೊರಟುಬಿಟ್ಟರು. ಅಂದಿನಿಂದ ಹಾಳೆ ಕೊಡುವುದಿಲ್ಲ. ಬದಲಿಗೆ, ಏಳು ರಾತ್ರಿ ಏನು ಮಾಡಿದಿರೆಂದು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ ಎನ್ನುತ್ತೇನೆ. ಶನಿವಾರ ಮಧ್ಯಾಹ್ನ ಆರೇಳು ಮಂದಿಯನ್ನು ಒಟ್ಟಿಗೆ ಕೂರಿಸಿ ಪುಸ್ತಕಗಳನ್ನು ಅದಲುಬದಲು ಮಾಡಿಸುತ್ತೇನೆ. ಆಮೇಲೆ ನನಗೆ ಹೆಚ್ಚು ಕೆಲಸವಿರುವುದಿಲ್ಲ. ಸಕಲೇಶಪುರದ ಕಡೆಯವರು ಮುದ್ದೆಯ ಪುಟ ನೋಡಿ ಹುಬ್ಬೇರಿಸುತ್ತಾರೆ, ಚನ್ನರಾಯಪಟ್ಟಣದವರು ಕಡುಬಿನ ಪುಟ ನೋಡಿ “ರಾತ್ರಿ ಇದರಲ್ಲಿ ಹೊಟ್ಟೆ ತುಂಬುತ್ತದೆಯೇ ಅಕ್ಕ?” ಎನ್ನುತ್ತಾರೆ. ಒಂದೇ ಜಿಲ್ಲೆ, ಎರಡು ತಟ್ಟೆ.

ಆ ಪುಸ್ತಕಗಳಲ್ಲಿ ನಾನು ಮೊದಲು ಹುಡುಕುವುದು ಸೊಪ್ಪನ್ನು. ಚಳಿ ಏರಿದಂತೆ ಸೊಪ್ಪು ಇಳಿಯುತ್ತದೆ. ಕಾರಣ ಸರಳ: ಕೊರೆಯುವ ನೀರಿನಲ್ಲಿ ಸೊಪ್ಪು ತೊಳೆಯುವುದು ಯಾರಿಗೂ ಬೇಡ. ಇದಕ್ಕೆ ಉಪದೇಶದಿಂದ ಪ್ರಯೋಜನವಿಲ್ಲ; ಬಿಸಿಲಿರುವಾಗಲೇ, ಮಧ್ಯಾಹ್ನದ ಕೆಲಸ ಮುಗಿಸಿ, ಬಿಡಿಸಿ ತೊಳೆದು ಬಟ್ಟೆಯಲ್ಲಿ ಸುತ್ತಿಡುವವರ ಮನೆಯಲ್ಲಿ ಮಾತ್ರ ರಾತ್ರಿ ಸೊಪ್ಪು ಒಲೆಗೇರುತ್ತದೆ.

ಏರಿದ ಮೇಲೆ ಅದು ಬಸ್ಸಾರೇ ಆಗಲಿ ಎಂಬುದು ನನ್ನ ಪಕ್ಷಪಾತ. ಹುರಳಿಕಾಳನ್ನು ಹಿಂದಿನ ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ ಆ ನೀರನ್ನು ಚೆಲ್ಲಬೇಕು. ಹೊಟ್ಟೆಯುಬ್ಬರ ತರುವ ಸಕ್ಕರೆ ಅಂಶಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಸೂಕ್ಷ್ಮಾಣುಗಳಿಗೆ ಆಹಾರವಾಗಿ ವಾಯು ಆಗುತ್ತವೆ. ನೆನೆಸಿದ ನೀರಿನೊಂದಿಗೆ ಅವುಗಳಲ್ಲಿ ಒಂದಿಷ್ಟು ಹೊರಟುಹೋಗುತ್ತದೆ. ಒಣ ಅವರೆಗೂ ಇದೇ ಮಾತು. ಇನ್ನು ಹೊಸ ನೀರಿನಲ್ಲಿ ಕಾಳು ಬೇಯಿಸಿ, ಕೊನೆಯಲ್ಲಿ ಸೊಪ್ಪು ಹಾಕಿ ಒಂದು ಕುದಿ ಬಂದ ಮೇಲೆ ಬಸಿಯಬೇಕು. ಈ ನೀರನ್ನು ಒಂದು ತೊಟ್ಟೂ ಚೆಲ್ಲಬಾರದು. ಸೊಪ್ಪು, ಕಾಳಿನಲ್ಲಿರುವ ಫೋಲೇಟ್, ಪೊಟ್ಯಾಸಿಯಂ ನೀರಿಗೆ ಇಳಿಯುವಂಥವು. ಬೇಯಿಸಿದ ನೀರು ಸಿಂಕಿಗೆ ಹೋದರೆ ಅವೂ ಹೋದಂತೆ. ನಮ್ಮ ಬಸ್ಸಾರಿನಲ್ಲಿ ಆ ಕಟ್ಟೇ ಸಾರಾಗುತ್ತದೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸು, ಕಾಯಿತುರಿ, ಹುಣಸೆಹಣ್ಣಿನ ಜೊತೆ ಬೆಂದ ಕಾಳುಸೊಪ್ಪಿನ ಒಂದು ಹಿಡಿಯನ್ನೂ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು; ಮಿಕ್ಕ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ, ಎರಡು ಅಡುಗೆ. ನಾನು ಕಲಿತ ಪಠ್ಯಗಳಲ್ಲಿ ಪೋಷಕಾಂಶ ಉಳಿಸುವ ಬಗೆಗೆ ಅಧ್ಯಾಯವೇ ಇತ್ತು. ಬಸ್ಸಾರಿನ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಪಲ್ಯದ ಮೇಲೆ, ಒಲೆ ಆರಿಸಿದ ನಂತರ, ಅರ್ಧ ನಿಂಬೆಹಣ್ಣು ಹಿಂಡಿ. ಕಾಳುಸೊಪ್ಪಿನ ಕಬ್ಬಿಣದ ಅಂಶ ಸುಲಭವಾಗಿ ದೇಹಕ್ಕೆ ಸೇರದು. ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ಸೇರುತ್ತದೆ. ಊಟದ ಬೆನ್ನಿಗೇ ಕಾಫಿ ಕುಡಿದರೆ ಅದೇ ಕಬ್ಬಿಣಕ್ಕೆ ಅಡ್ಡಿ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಇದನ್ನು ಹೇಳಲು ಧೈರ್ಯ ಬೇಕು, ಆದರೂ ಹೇಳುತ್ತೇನೆ: ಒಂದು ಗಂಟೆ ತಡೆಯಿರಿ.

ಮುದ್ದೆಯ ವಿಷಯದಲ್ಲಿ ಜಗಳ ಕಟ್ಟಿಟ್ಟ ಬುತ್ತಿ. “ಮುದ್ದೆಗೆ ಸಕ್ಕರೆ ಏರುವುದಿಲ್ಲವಲ್ಲ” ಎಂದು ರಾತ್ರಿ ಮೂರು ಮುದ್ದೆ ನುಂಗುತ್ತಿದ್ದ ರೈತರೊಬ್ಬರು ಇಂದಿಗೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂಗೂ ಕಡಿಮೆ, ಕ್ಯಾಲ್ಸಿಯಂ 10 ಮಿಲಿಗ್ರಾಂ ಕೂಡ ಇಲ್ಲ. ಅಷ್ಟರಮಟ್ಟಿಗೆ ರಾಗಿ ಗೆದ್ದಿತು. ಆದರೆ ಅದೇ 100 ಗ್ರಾಂ ರಾಗಿಯಲ್ಲಿ 67 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಇದೆ, 320 ಕ್ಯಾಲೊರಿ ಇದೆ. ಮೂರು ದೊಡ್ಡ ಮುದ್ದೆಯೆಂದರೆ ಸಾವಿರ ಕ್ಯಾಲೊರಿಯ ಆಸುಪಾಸು, ಅದೂ ಹೊದ್ದು ಮಲಗುವ ಮುನ್ನ. ಹಿಟ್ಟನ್ನು ಎಸರಿಗೆ ಸುರಿಯುವ ಮೊದಲು ಒಮ್ಮೆ ಅಳೆಯಿರಿ ಎಂದಷ್ಟೇ ನಾನು ಕೇಳುವುದು. ಸಕ್ಕರೆ ಕಾಯಿಲೆಯವರಿಗೆ ನಾನು ಸಾಮಾನ್ಯವಾಗಿ ರಾತ್ರಿಗೆ 70–80 ಗ್ರಾಂ ಹಿಟ್ಟಿನ ಒಂದು ಮುದ್ದೆ ಹೇಳುತ್ತೇನೆ, ಪಲ್ಯವನ್ನು ಬೇಕಾದಷ್ಟು. ಔಷಧಿ, ಇನ್ಸುಲಿನ್ ತೆಗೆದುಕೊಳ್ಳುವವರು ಅಳತೆ ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ಮೊಸರು ಶೀತ, ಹುರಳಿ ಉಷ್ಣ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಒಗ್ಗಿದರೆ ತಿನ್ನಿ, ಒಗ್ಗದಿದ್ದರೆ ಬಿಡಿ.

ಆದರೆ ‘ಮಿಕ್ಕಿದ್ದು’ ಎಂಬ ಶುಕ್ರವಾರದ ಮೇಲೆ ನನಗೆ ನಿಜವಾದ ಸಿಟ್ಟಿದೆ. “ಈ ಚಳಿಯಲ್ಲಿ ಅಡುಗೆಮನೆಯೇ ಫ್ರಿಜ್ಜು ಮೇಡಂ” ಎನ್ನುತ್ತಾರೆ. ಅಲ್ಲ. ಫ್ರಿಜ್ಜಿನೊಳಗೆ ಇರಬೇಕಾದ್ದು 5 ಡಿಗ್ರಿಗಿಂತ ಕಡಿಮೆ. ಒಲೆ ಉರಿಸಿದ, ಕಿಟಕಿ ಮುಚ್ಚಿದ ನಮ್ಮ ಅಡುಗೆಮನೆ ಮಾಗಿಯಲ್ಲೂ ಅಷ್ಟು ತಣ್ಣಗಿರುವುದಿಲ್ಲ. ಬಸ್ಸಾರು ಮರುದಿನ ಇನ್ನೂ ರುಚಿ, ಒಪ್ಪುತ್ತೇನೆ. ರಾತ್ರಿ ಆರಿದೊಡನೆ ಫ್ರಿಜ್ಜಿಗಿಟ್ಟು, ಮರುದಿನ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿ. ಅನ್ನ ಇನ್ನೂ ಮೋಸದ್ದು. ಅಕ್ಕಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಗಳು ಬೆಂದರೂ ಸಾಯುವುದಿಲ್ಲ. ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲಿ ಅವು ಮೊಳೆತು ವಿಷ ಉಂಟುಮಾಡಬಹುದು, ಬೆಳಿಗ್ಗೆ ಚಿತ್ರಾನ್ನ ಕಲಸಿ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಒಂದು ಸೋಮವಾರ ನಾನೇ ಇದಕ್ಕೆ ತುತ್ತಾಗಿ ಕ್ಲಿನಿಕ್ ಬಾಗಿಲು ಹಾಕಿದ್ದೆ. ರೋಗಿಗಳಿಗೆ ಜ್ವರ ಎಂದು ಸುಳ್ಳು ಹೇಳಿದೆ.

ಕೊನೆಗೆ ಹೊತ್ತಿನ ವಿಷಯ. ಆರು ಗಂಟೆಗೇ ಕತ್ತಲು, ಏಳಕ್ಕೆ ಹಸಿವು, ಹಸಿವಿಗೆ ಬೋಂಡಾ ಕಾಫಿ, ಊಟ ಒಂಬತ್ತೂವರೆಗೆ. ಎಲ್ಲ ಪುಸ್ತಕಗಳಲ್ಲೂ ಇದೇ ಕಥೆ. ಏಳಕ್ಕೆ ಆಗುವುದು ಊಟದ ಹಸಿವೇ. ಅದಕ್ಕೆ ಊಟವನ್ನೇ ಕೊಟ್ಟರೆ ಬೋಂಡಾದ ಎಣ್ಣೆ ಉಳಿಯುತ್ತದೆ, ಮಲಗುವ ಹೊತ್ತಿಗೆ ಹೊಟ್ಟೆಯೂ ಹಗುರಾಗಿರುತ್ತದೆ. ಆದರೆ ಟಿವಿಯ ಧಾರಾವಾಹಿ, ಮಕ್ಕಳ ಟ್ಯೂಷನ್, ಕಾಫಿ ಕೊಯ್ಲಿನಿಂದ ತಡವಾಗಿ ಬರುವ ಯಜಮಾನರು ಎಲ್ಲರೂ ಅಡ್ಡ ನಿಲ್ಲುತ್ತಾರೆ. ಸಂಸಾರದ ಗಡಿಯಾರ ತಿದ್ದುವುದು ಪಥ್ಯ ಹೇಳಿದಷ್ಟು ಸುಲಭವಲ್ಲ.

ಗೀಟು ಎಳೆದಿದ್ದ ಆ ಗೃಹಿಣಿ ಕಳೆದ ವಾರ ಮತ್ತೆ ಬಂದಿದ್ದರು. ಈಗ ಹೊತ್ತನ್ನೂ ಹಿಟ್ಟಿನ ಅಳತೆಯನ್ನೂ ಬರೆಯುತ್ತಾರೆ. ಗುರುವಾರದ ಸಾಲು ಹೀಗಿತ್ತು: “ಅವರೆಕಾಳು, ಸಬ್ಬಸಿಗೆ ಸೊಪ್ಪಿನ ಬಸ್ಸಾರು. ಮುದ್ದೆ ಒಂದು. 7.40. ಬೋಂಡಾ ಮಕ್ಕಳಿಗೆ ಮಾತ್ರ.” ಕೆಳಗೆ ಬೇರೆ ಶಾಯಿಯಲ್ಲಿ, ಸಣ್ಣ ಅಕ್ಷರದಲ್ಲಿ: “ನನಗೆ ಎರಡು.”