ಅಡ್ಡಪರಿಣಾಮದ ಟೇಬಲ್‌ಗೂ ಒಂದು ಅಚ್ಚು ಬೇಕು

ಮನುಷ್ಯರ ಮೇಲಿನ ಔಷಧ ಪ್ರಯೋಗಗಳನ್ನು ಪರಿಶೀಲಿಸುವ ಹುಬ್ಬಳ್ಳಿಯ ಒಂದು ಎಥಿಕ್ಸ್ ಕಮಿಟಿಯಲ್ಲಿ ಔಷಧಶಾಸ್ತ್ರದ ಸದಸ್ಯನಾಗಿ ಕೂರುತ್ತೇನೆ. ಹೊಸ ಔಷಧಗಳ ಪ್ರಯೋಗದ ಸುರಕ್ಷತಾ ವರದಿ ಓದುವುದು ನನ್ನ ಪಾಲಿಗೆ ಬಂದ ಕೆಲಸ. ಔಷಧದಿಂದ ಗುಣ ಆಯಿತೋ ಇಲ್ಲವೋ ಎಂಬ ಭಾಗ ಓದಲು ಕಷ್ಟವಿಲ್ಲ. ಏನನ್ನು ಅಳೆಯಬೇಕು, ಹೇಗೆ ಲೆಕ್ಕ ಹಾಕಬೇಕು ಅಂತ ಮೊದಲೇ ಬರೆದಿಟ್ಟಿರುತ್ತಾರೆ. ಅಡ್ಡಪರಿಣಾಮದ ಭಾಗಕ್ಕೆ ಬಂದರೆ ಒಬ್ಬೊಬ್ಬರದು ಒಂದೊಂದು ದಾರಿ. ಒಬ್ಬರು ರೋಗಿಗಳನ್ನು ಎಣಿಸಿದರೆ, ಇನ್ನೊಬ್ಬರು ಘಟನೆಗಳನ್ನು ಎಣಿಸುತ್ತಾರೆ. ಒಬ್ಬನಿಗೇ ಐದು ಸಲ ವಾಂತಿಯಾದರೆ ಅದು ಒಂದೋ, ಐದೋ? ಮತ್ತೊಬ್ಬರು ನೂರಕ್ಕೆ 5ಕ್ಕಿಂತ ಕಡಿಮೆ ಕಂಡದ್ದನ್ನೆಲ್ಲ ಟೇಬಲ್‌ನಿಂದ ಬಿಟ್ಟೇ ಬಿಟ್ಟಿರುತ್ತಾರೆ. ಅದಕ್ಕೇ ಇದಕ್ಕೂ ಒಂದು ಅಚ್ಚು, ಅಂದರೆ ಮೊದಲೇ ಗೊತ್ತುಮಾಡಿದ ಟೇಬಲ್ ಮಾದರಿ, ಬೇಕು ಅನ್ನುವುದು.

ಕಮಿಟಿಯಲ್ಲಿ ವೈದ್ಯರಲ್ಲದವರೂ ಇರಬೇಕು ಅನ್ನುವುದು ನಿಯಮ. ನಮ್ಮಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ದಪ್ಪ ಫೈಲು ತೆರೆದ ಕೂಡಲೇ ಅವರದು ಒಂದೇ ಪ್ರಶ್ನೆ: "ಡಾಕ್ಟರ್ರ, ಎಷ್ಟ್ ಮಂದ್ಯಾಗ ಎಷ್ಟ್ ಮಂದಿಗೆ ಆತು, ಎಷ್ಟ್ ದಿನದಾಗ ಆತು, ಅಷ್ಟ ಹೇಳ್ರಿ." ಎಷ್ಟೋ ವರದಿಗಳಲ್ಲಿ ಇದಕ್ಕೆ ನೇರ ಉತ್ತರ ಸಿಗುವುದಿಲ್ಲ.

ಅವರ ಪ್ರಶ್ನೆಯ ಕೊನೆಯ ತುಂಡು, ಆ 'ಎಷ್ಟ್ ದಿನದಾಗ', ಬಹಳ ಮುಖ್ಯ. ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಔಷಧ ತೆಗೆದುಕೊಂಡವರು 100, ಔಷಧವೇ ಇಲ್ಲದ ಪ್ಲಾಸಿಬೊ ಮಾತ್ರೆ ತೆಗೆದುಕೊಂಡವರು 100. ಮೊದಲ ಗುಂಪಿನಲ್ಲಿ 12 ಮಂದಿಗೆ ತಲೆ ಸುತ್ತು, ಎರಡನೆಯದರಲ್ಲಿ 8 ಮಂದಿಗೆ. ಔಷಧದ್ದೇ ತಪ್ಪು ಅನ್ನಿಸುತ್ತದೆ, ಅಲ್ವಾ? ಆದರೆ ಔಷಧದವರು ಪ್ರಯೋಗದಲ್ಲಿ ಸರಾಸರಿ 9 ತಿಂಗಳು ಉಳಿದರು. ಪ್ಲಾಸಿಬೊದವರು ಗುಣ ಕಾಣದೆ ಸರಾಸರಿ 4 ತಿಂಗಳಿಗೇ ಬಿಟ್ಟು ಹೋದರು. ನೂರೂ ಮಂದಿಯ ತಿಂಗಳು ಕೂಡಿಸಿದರೆ ಒಂದು ಕಡೆ ಒಟ್ಟು 75 ವರ್ಷದ ಸೇವನೆ, ಇನ್ನೊಂದು ಕಡೆ ಸುಮಾರು 33 ವರ್ಷದ್ದು. ನೂರು ವರ್ಷಕ್ಕೆ ಲೆಕ್ಕ ಹಾಕಿದರೆ ಔಷಧದಲ್ಲಿ 16, ಪ್ಲಾಸಿಬೊದಲ್ಲಿ 24. ತಕ್ಕಡಿ ಪೂರ್ತಿ ತಿರುಗಿತು. ಎರಡನೇ ಲೆಕ್ಕವೇ ಸದಾ ಸರಿ ಅಂತಲ್ಲ. ಔಷಧ ಶುರುವಾದ ಮೊದಲ ವಾರದಲ್ಲೇ ಬರುವ ತೊಂದರೆಗೆ ಈ ಸರಾಸರಿ ಮೋಸ ಮಾಡುತ್ತದೆ. ಅದಕ್ಕೇ ಎರಡೂ ಸಾಲು ಟೇಬಲ್‌ನಲ್ಲಿ ಇರಲಿ ಅನ್ನುವುದು. ಇಷ್ಟ ಬಂದದ್ದನ್ನು ಆರಿಸಿ ತೋರಿಸುವ ಅವಕಾಶ ಕೊಡಬಾರದು.

ಎಣಿಸುವ ಮೊದಲೇ ಇನ್ನೊಂದು ತೊಡಕು. ತಲೆ ಸುತ್ತಿದ್ದನ್ನು ಗದಗದಲ್ಲಿ ಪ್ರಯೋಗ ನೋಡಿಕೊಳ್ಳುವ ಕೋಆರ್ಡಿನೇಟರ್ 'ಗಿಡ್ಡಿನೆಸ್' ಅಂತ ಬರೆದರೆ ಹಾವೇರಿಯವರು 'ವರ್ಟಿಗೊ' ಅಂತ ಬರೆಯಬಹುದು. ಮೆಡ್‌ಡ್ರಾ ಎಂಬ ಅಂತಾರಾಷ್ಟ್ರೀಯ ವೈದ್ಯಕೀಯ ಪದಕೋಶದಲ್ಲಿ ಮೊದಲನೆಯದು ನರಮಂಡಲದ ವಿಭಾಗಕ್ಕೆ ಸೇರುತ್ತದೆ, ಎರಡನೆಯದು ಕಿವಿಯ ವಿಭಾಗಕ್ಕೆ. ಒಂದೇ ತೊಂದರೆ ಎರಡು ಕಡೆ ಹಂಚಿಹೋಗಿ, ಎರಡೂ ಕಡೆ ಸಣ್ಣದಾಗಿ ಕಾಣುತ್ತದೆ. ಯಾವ ಯಾವ ಪದಗಳನ್ನು ಒಟ್ಟಿಗೆ ಎಣಿಸಬೇಕು ಅನ್ನುವ ಪಟ್ಟಿ ಮೊದಲೇ ಇರಬೇಕು. ಅಂಕಿ ಕೈಗೆ ಬಂದ ಮೇಲೆ ಗುಂಪು ಕಟ್ಟಿದರೆ ಬೇಕಾದ ಉತ್ತರ ತೆಗೆಯಬಹುದು.

ಟೇಬಲ್ ಜೊತೆ ಚಿತ್ರವೂ (ಗ್ರಾಫ್) ಬೇಕು. ಅವುಗಳಲ್ಲಿ ನನಗೆ ಬಲು ಇಷ್ಟವಾದದ್ದು ಲಿವರ್‌ನದು. ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿಯ ಸರಾಸರಿ ಎರಡೂ ಗುಂಪಿನಲ್ಲಿ ಒಂದೇ ಇದೆ ಅಂತ ವರದಿ ಹೇಳಬಹುದು. ಸಾವಿರ ಮಂದಿಯಲ್ಲಿ ಇಬ್ಬರ ಲಿವರ್ ಕೆಟ್ಟಿದ್ದರೆ ಸರಾಸರಿಗೆ ಅದು ಗೊತ್ತೇ ಆಗುವುದಿಲ್ಲ. ಬದಲಿಗೆ ಒಬ್ಬೊಬ್ಬ ರೋಗಿಗೆ ಒಂದೊಂದು ಚುಕ್ಕೆ ಇಡಿ. ಅಡ್ಡಕ್ಕೆ ಎಸ್‌ಜಿಪಿಟಿ, ಉದ್ದಕ್ಕೆ ಕಾಮಾಲೆಯಲ್ಲಿ ಏರುವ ಹಳದಿ ಬಣ್ಣದ ವಸ್ತು ಬಿಲಿರುಬಿನ್. ಪ್ರತಿಯೊಂದನ್ನೂ ಆಯಾ ಲ್ಯಾಬು ಸಹಜ ಅನ್ನುವ ಮೇಲ್ಮಿತಿಯಿಂದ ಭಾಗಿಸಿ. ಆಗ ಧಾರವಾಡದ ಲ್ಯಾಬಿನ ಮಿತಿ 40, ಇನ್ನೊಂದು ಲ್ಯಾಬಿನದು 55 ಇದ್ದರೂ ಹೋಲಿಸಬಹುದು. ಎಸ್‌ಜಿಪಿಟಿ ಮೂರು ಪಟ್ಟು, ಬಿಲಿರುಬಿನ್ ಎರಡು ಪಟ್ಟು ದಾಟಿದವರು ಬಲಗಡೆ ಮೇಲಿನ ಮೂಲೆಗೆ ಬಂದು ಕೂರುತ್ತಾರೆ. ಹೈಮನ್ ಝಿಮ್ಮರ್‌ಮನ್ ಎಂಬ ಲಿವರ್ ತಜ್ಞರ ಹೆಸರಿನಲ್ಲಿ ಇದಕ್ಕೆ 'ಹೈಸ್ ಲಾ' ಅನ್ನುತ್ತಾರೆ. ಔಷಧ ಲಿವರ್‌ನ ಕೋಶಗಳನ್ನೇ ಕೆಡಿಸಿ ಕಾಮಾಲೆ ತಂದರೆ ಹತ್ತರಲ್ಲಿ ಒಬ್ಬರಾದರೂ ಸಾಯಬಹುದು ಅನ್ನುವುದು ಅವರ ಅನುಭವ. ಆ ಮೂಲೆಯಲ್ಲಿ ಒಂದೇ ಚುಕ್ಕೆ ಇದ್ದರೂ ಕಡತ ತರಿಸಿ ನೋಡಬೇಕು. ಹೆಪಟೈಟಿಸ್ ಇತ್ತಾ, ಪಿತ್ತಕೋಶದಲ್ಲಿ ಕಲ್ಲಿತ್ತಾ, ಹಳ್ಳಿಯಲ್ಲಿ ಯಾರಾದರೂ ಬೇರೆ ಔಷಧ ಕೊಟ್ಟಿದ್ದರಾ? ನಮ್ಮ ಕಡೆ ಕಾಮಣಿ ಅಂದರೆ ಮೊದಲು ಗಿಡಮೂಲಿಕೆಯವರ ಹತ್ತಿರ ಹೋಗುವವರೇ ಜಾಸ್ತಿ. ಇದನ್ನು ಕೇಳದೆ ಬರೆದ ಕೇಸ್ ಶೀಟಿಗೆ ಬೆಲೆ ಇಲ್ಲ.

ಅಚ್ಚು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ರೋಫೆಕಾಕ್ಸಿಬ್ ಕಥೆ ಇದೆ. ಕೀಲು ನೋವಿನ ಈ ಔಷಧದ ದೊಡ್ಡ ಪ್ರಯೋಗದ ಲೇಖನ 2000ದಲ್ಲಿ ಬಂತು. ಹೃದಯದ ಘಟನೆಗಳನ್ನು ಎಣಿಸುವ ಕೊನೆಯ ದಿನ, ಹೊಟ್ಟೆಯ ಘಟನೆಗಳ ಕೊನೆಯ ದಿನಕ್ಕಿಂತ ಮುಂಚೆ ಇತ್ತು. ಔಷಧದ ಗುಂಪಿನ ಮೂರು ಹೃದಯಾಘಾತಗಳು ಆ ಸಂದಿಯಲ್ಲಿ ಲೆಕ್ಕದಿಂದ ಹೊರಗೆ ಉಳಿದವು. ಔಷಧವನ್ನು ಮಾರುಕಟ್ಟೆಯಿಂದ ವಾಪಸ್ ಪಡೆದದ್ದು 2004ರಲ್ಲಿ. ಆ ಮೂರರ ಬಗ್ಗೆ, ಲೇಖನ ಹಾಕಿದ್ದ ವೈದ್ಯಕೀಯ ಪತ್ರಿಕೆಯೇ ತಕರಾರು ಪ್ರಕಟಿಸಿದ್ದು 2005ರಲ್ಲಿ. ಎಲ್ಲ ಘಟನೆಗೂ ಒಂದೇ ಕೊನೆಯ ದಿನ ಅನ್ನುವ ಸಾಲು ಟೇಬಲ್‌ನ ತಲೆಯಲ್ಲೇ ಇದ್ದಿದ್ದರೆ ಆ ಕಂದಕ ಓದುಗರ ಕಣ್ಣಿಗೆ ಆಗಲೇ ಬೀಳುತ್ತಿತ್ತು.

ದಾರಿ ಇಲ್ಲ ಅಂತಲ್ಲ. ವರದಿಯಲ್ಲಿ ಏನೇನಿರಬೇಕು ಅಂತ, ಔಷಧ ನಿಯಮಗಳನ್ನು ದೇಶದೇಶಗಳ ನಡುವೆ ಹೊಂದಿಸುವ ಸಂಸ್ಥೆ ಐಸಿಎಚ್ 1995ರಲ್ಲೇ ಇ3 ಮಾರ್ಗಸೂಚಿ ಕೊಟ್ಟಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಸುರಕ್ಷತೆಯ ಟೇಬಲ್, ಚಿತ್ರಗಳ ಮಾದರಿಯನ್ನೇ ಹೊರತಂದಿತು. ನಮ್ಮ ದೇಶದ 2019ರ ಔಷಧ ಪ್ರಯೋಗ ನಿಯಮಗಳ ಪ್ರಕಾರ ಗಂಭೀರ ಘಟನೆಯನ್ನು ವೈದ್ಯರು 24 ಗಂಟೆಯೊಳಗೆ ತಿಳಿಸಬೇಕು. ಇದು ಒಂದೊಂದು ಘಟನೆಯ ಮಾತು. ಎಲ್ಲವನ್ನೂ ಕೂಡಿಸಿ ತೋರಿಸುವಾಗಲೂ ಅಷ್ಟೇ ಬಿಗಿ ಬೇಕು ಅನ್ನುವುದು ನನ್ನ ವಾದ.

ಒಂದೇ ಅಚ್ಚು ಎಲ್ಲ ಔಷಧಕ್ಕೂ ಸಾಲುವುದಿಲ್ಲ, ಒಪ್ಪುತ್ತೇನೆ. ಕಣ್ಣಿಗೆ ತೊಂದರೆ ಕೊಡಬಹುದಾದ ಔಷಧಕ್ಕೆ ಕಣ್ಣಿನ ಪರೀಕ್ಷೆಯ ಟೇಬಲ್ ಬೇರೆಯಾಗಿ ಸೇರಿಸಬೇಕು. ಸೇರಿಸಲಿ, ಕಳೆಯುವುದು ಬೇಡ. ಅದಕ್ಕೇ ನಾವು ಈಗ ಪ್ರೋಟೋಕಾಲ್ (ಪ್ರಯೋಗದ ಯೋಜನೆ) ಜೊತೆಗೇ ಖಾಲಿ ಟೇಬಲ್‌ಗಳನ್ನೂ ಕೇಳುತ್ತೇವೆ. ಅಂಕಿ ಒಂದೂ ಇರಬಾರದು, ಸಾಲು ಕಾಲಂ ಮಾತ್ರ ಇರಬೇಕು. ಕೆಲವರು ತಕ್ಷಣ ಕಳಿಸುತ್ತಾರೆ. ಹೆಡ್ ಆಫೀಸ್ ಕೇಳಬೇಕು ಅನ್ನುವವರಿಗೆ, ಕೇಳಿಕೊಂಡೇ ಬನ್ನಿ, ಮುಂದಿನ ಮೀಟಿಂಗ್‌ಗೆ ಇಟ್ಟುಕೊಳ್ಳೋಣ ಅನ್ನುತ್ತೇವೆ.